ಸೀಲು ಹಿಡಿಯದ ಚೀಟಿ

ಮೈಸೂರಿನ ರೈಲು ಚೆನ್ನೈ ಸೆಂಟ್ರಲ್ ತಲುಪಿದಾಗ ಬೆಳಗ್ಗೆ ಏಳೂವರೆ. ಅಷ್ಟು ಹೊತ್ತಿಗೇ ಅಂಗಿ ಬೆನ್ನಿಗೆ ಅಂಟಿಕೊಂಡಿತ್ತು. ರಸ್ತೆ ದಾಟಿ ಪಾರ್ಕ್ ಸ್ಟೇಷನ್ನಿನಲ್ಲಿ ತಾಂಬರಂ ಕಡೆಯ ಎಲೆಕ್ಟ್ರಿಕ್ ಟ್ರೈನು ಹಿಡಿದೆ. ಎರಡು ಸಾವಿರದ ನಾಲ್ಕರ ಬೇಸಗೆ ಅದು. ಹಿಂದೆಲ್ಲ ಅಕ್ಕನ ಮನೆಗೆ ಹೋಗುವುದೆಂದರೆ ಸಮುದ್ರ ನೋಡುವುದು, ಹೊಟ್ಟೆ ಬಿರಿಯುವಂತೆ ಉಣ್ಣುವುದು. ಈ ಸಲ ಹೊರಟಿದ್ದು ಭಾವನ ಜೊತೆ ಕೋರ್ಟಿಗೆ.

ಭಾವ ಗಿಂಡಿಯ ಕಾರ್ಖಾನೆಯೊಂದರಲ್ಲಿ ಸ್ಟೋರ್ ಕೀಪರ್. ನಾಲ್ಕು ವರ್ಷಗಳ ಹಿಂದೆ ಸೊಂಟಕ್ಕೆ ಪೆಟ್ಟು ಬಿದ್ದು ಮಲಗಲಾರದೆ ಒದ್ದಾಡುತ್ತಿದ್ದಾಗ, ಡಾಕ್ಟರು ಕೆಲವು ದಿನಕ್ಕೆಂದು ನಿದ್ದೆ ಮಾತ್ರೆ ಬರೆದುಕೊಟ್ಟಿದ್ದರು. ಸೊಂಟ ವಾಸಿಯಾಯಿತು, ಮಾತ್ರೆ ನಿಲ್ಲಲಿಲ್ಲ. ಡಾಕ್ಟರ ಚೀಟಿಯ ತಾರೀಖು ನೋಡಿ ತಾಂಬರಂನ ಔಷಧಿ ಅಂಗಡಿಯವರು ಇಲ್ಲವೆನ್ನತೊಡಗಿದ ಮೇಲೆ, ತಾರೀಖು ನೋಡದ ಅಂಗಡಿ ಹುಡುಕುತ್ತ ಚೆಂಗಲ್ಪಟ್ಟಿನಾಚೆಯ ಹಳ್ಳಿಗಳಿಗೆ ಹೋಗುವುದನ್ನು ಕಲಿತರು. ಅಲ್ಲೇ ಒಂದು ದಿನ ಚೀಲದ ತುಂಬ ಮಾತ್ರೆಯೊಂದಿಗೆ ಪೊಲೀಸರ ಕೈಗೆ ಸಿಕ್ಕಿಬಿದ್ದರು.

ಇದರಲ್ಲಿ ನನ್ನ ಪಾಲೂ ಇತ್ತು. ಶಾಲೆಯೊಂದರಲ್ಲಿ ಮೂವತ್ತು ವರ್ಷ ಗುಮಾಸ್ತನಾಗಿದ್ದವನು ನಾನು. ಮಾರ್ಕ್ಸ್ ಕಾರ್ಡಿನಿಂದ ಹಿಡಿದು ಅಮ್ಮ ಬರೆದಿಟ್ಟ ಹುಳಿಪುಡಿ ಅಳತೆಯವರೆಗೆ ಎಲ್ಲಕ್ಕೂ ಲ್ಯಾಮಿನೇಷನ್ ಮಾಡಿಸುವ ಚಟ ನನಗೆ. ಎರಡು ವರ್ಷದ ಹಿಂದೆ ಭಾವ ಮೈಸೂರಿಗೆ ಬಂದಾಗ, ಮಡಿಕೆಯಲ್ಲಿ ಹರಿಯುತ್ತಿದ್ದ ಚೀಟಿ ನೋಡಿ ತಡೆಯಲಾಗದೆ ಅದಕ್ಕೂ ಮಾಡಿಸಿಕೊಟ್ಟೆ. ಒಂದು ಕಳೆದುಹೋದರೆ ಇನ್ನೊಂದಿರಲಿ ಎಂದು ಕಲರ್ ಜೆರಾಕ್ಸ್ ತೆಗೆಸಿ ಅದಕ್ಕೂ ಪ್ಲಾಸ್ಟಿಕ್ ಹೊದಿಸಿದೆ. ಪೊಲೀಸರಿಗೆ ಸಿಕ್ಕಿದ್ದು ಒಂದೇ.

ಅಕ್ಕ ಕಾಫಿ ಕೊಡುತ್ತ ನನ್ನನ್ನು ಅಡುಗೆಮನೆಗೆ ಕರೆದಳು. "ತಪ್ಪು ಒಪ್ಕೊಂಡುಬಿಡಿ, ಆಮೇಲೆ ಜಡ್ಜಮ್ಮನ ಮನಸ್ಸು ಅಂದಿದಾರೆ ವಕೀಲ್ರು. ಜೈಲು ಅಂತ ಬರೆದುಬಿಟ್ರೆ ಕಂಪನಿ ಕೆಲಸ ಪೋಚ್ಚು, ಅವ್ಳೋದಾನ್, ಮುಗೀತು ಕಣೋ ನಾಣಿ." ಮಗಳ ಕಾಲೇಜು ಇನ್ನೂ ಎರಡು ವರ್ಷ ಇತ್ತು.

ಮರುದಿನ ಸೋಮವಾರ. ತಾಂಬರಂನಿಂದ ಚೆಂಗಲ್ಪಟ್ಟಿಗೆ ಸುಮಾರು ಒಂದು ಗಂಟೆ, ಅಲ್ಲಿಂದ ಬಸ್ಸಿನಲ್ಲಿ ಇನ್ನೊಂದು ಗಂಟೆ. ದಾರಿಯುದ್ದಕ್ಕೂ ಕಲ್ಲಿನ ಕ್ವಾರಿಗಳು, ಅರ್ಧ ಒಣಗಿದ ಕೆರೆಗಳು, ತಾಟಿನುಂಗು ಮಾರುವ ಹೆಂಗಸರು. ಭಾವ ಕಿಟಕಿಯ ಪಕ್ಕ ಕೂತು ಟಿಕೆಟನ್ನು ಬೆರಳಿಗೆ ಸುತ್ತುತ್ತಿದ್ದರು. ಎರಡನೆಯ ಚೀಟಿ ಎಲ್ಲಿದೆ ಎಂದು ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ.

ಕೋರ್ಟೆಂದರೆ ಹೆಂಚಿನ ಕಟ್ಟಡ, ಮುಂದೆ ಒಂದು ಬೇವಿನ ಮರ. ನಾನು ಗದರಿಕೆ, ಅವಮಾನ ಎಲ್ಲವನ್ನೂ ನಿರೀಕ್ಷಿಸಿ ಹೋಗಿದ್ದೆ. ಮ್ಯಾಜಿಸ್ಟ್ರೇಟರು ನಲವತ್ತೈದರ ಆಸುಪಾಸಿನ ಹೆಂಗಸು, ದನಿ ಎತ್ತುವವರಲ್ಲ. ನಮಗಿಂತ ಮೊದಲು ಕ್ವಾರಿ ಕೆಲಸದವನೊಬ್ಬನನ್ನು ಕೂಗಿದರು. ಕೆಮ್ಮಿನ ಔಷಧಿ ಬಾಟಲಿಗಟ್ಟಲೆ ಕುಡಿಯುತ್ತಿದ್ದವನು. ಅವನನ್ನು ಆಸ್ಪತ್ರೆಗೆ ಕಳಿಸಿದ್ದು ಇವರೇ. ಎರಡು ವಾರದಿಂದ ನಿದ್ದೆ ಹೇಗಿದೆ, ಊಟ ಸೇರುತ್ತದೆಯೇ ಎಂದು ಅವನನ್ನು ಕೇಳಿ, ಅದೇ ಪ್ರಶ್ನೆಯನ್ನು ಅವನ ಹೆಂಡತಿಗೂ ಕೇಳಿ, ಎರಡೂ ಉತ್ತರ ಹೊಂದಿದ ಮೇಲೆಯೇ ಬರೆದುಕೊಂಡರು. ಅವನಿಗೆ ಬಾಟಲಿ ಮಾರಿದ ಅಂಗಡಿಯವನು ಬಿಲ್ ಪುಸ್ತಕ ಹಿಡಿದು ಪಕ್ಕದಲ್ಲೇ ನಿಂತಿದ್ದ. ಜೈಲಿಗೆ ಹಾಕುವುದು ಸುಲಭ, ಹೀಗೆ ಹದಿನೈದು ದಿನಕ್ಕೊಮ್ಮೆ ಒಬ್ಬನ ನಿದ್ದೆಯ ಲೆಕ್ಕ ಕೇಳುವುದಕ್ಕೆ ತಾಳ್ಮೆ ಬೇಕು. ಆಕೆಯ ಮೇಲೆ ನನಗೆ ಅಲ್ಲೇ ಗೌರವ ಹುಟ್ಟಿತು.

ಭಾವನ ಹೆಸರನ್ನು ಮೂರು ಸಲ ಕೂಗಿದರು. ಅವರು ತಪ್ಪೊಪ್ಪಿಕೊಂಡರು. ಮ್ಯಾಜಿಸ್ಟ್ರೇಟರು ಚೀಟಿಯನ್ನು ಬೆಳಕಿಗೆ ಹಿಡಿದು ನೋಡಿ, ಅದರ ಮೇಲೆ ಪೆನ್ನಿನಿಂದ ಒಂದು ಗೆರೆ ಎಳೆದು ಹೆಬ್ಬೆರಳಲ್ಲಿ ಒರೆಸಿದರು. ಗೆರೆ ಮಾಯವಾಯಿತು. ಮಾತ್ರೆ ಕೊಟ್ಟ ಅಂಗಡಿಯವನು ಚೀಟಿಯ ಮೇಲೆ ಸೀಲು ಒತ್ತಿ ತಾರೀಖು ಹಾಕಬೇಕು, ಇದರ ಮೇಲೆ ಯಾವ ಸೀಲೂ ನಿಲ್ಲುವುದಿಲ್ಲ, ಹಾಗಾಗಿ ಪ್ರತಿ ಅಂಗಡಿಯಲ್ಲೂ ಇದು ಹೊಸ ಚೀಟಿಯೇ ಎಂದು ತಮಿಳಿನಲ್ಲಿ ವಿವರಿಸಿದರು. ಇದನ್ನು ಮಾಡಿಸಿದ್ದು ಯಾರೆಂದು ಕೇಳಿದರು.

ನಾನು ಎದ್ದು ನಿಂತೆ. ನನ್ನ ಹರಕು ತಮಿಳಿನಲ್ಲಿ, ಹರಿಯಬಾರದೆಂದು ನಾನೇ ಮಾಡಿಸಿದೆ ಎಂದೆ. ಆಕೆ ನನ್ನನ್ನು ಬಯ್ಯಲಿಲ್ಲ, ಕೂರಲು ಹೇಳಿ ಭಾವನ ಕಡೆ ತಿರುಗಿದರು.

"ವೇರೆ ಜೆರಾಕ್ಸ್ ಕಾಪಿ ಇರುಕ್ಕಾ?"

ಭಾವ ನನ್ನ ಮುಖ ನೋಡಿದರು. ಹೇಳುವ ಧೈರ್ಯವೂ ನನಗಿರಲಿಲ್ಲ, ಮುಚ್ಚಿಡುವ ಧೈರ್ಯವೂ ಇರಲಿಲ್ಲ; ತಲೆ ತಗ್ಗಿಸಿದೆ. ಮತ್ತೆ ತಲೆ ಎತ್ತಿದಾಗ ಭಾವ ಜೇಬಿನಿಂದ ರೈಲಿನ ಪಾಸು ತೆಗೆದು, ಅದರ ಕವರಿನ ಹಿಂದಿನಿಂದ ಎರಡನೆಯ ಚೀಟಿಯನ್ನು ಎಳೆಯುತ್ತಿದ್ದರು. ಕವರಿಗೆ ಅಂಟಿಕೊಂಡು ಅದು ಬರಲಿಲ್ಲ. ಎರಡನೇ ಸಲಕ್ಕೆ ಬಂತು.

ಮ್ಯಾಜಿಸ್ಟ್ರೇಟರು ಎರಡನ್ನೂ ಮೇಜಿನ ಮೇಲೆ ಪಕ್ಕಪಕ್ಕ ಇಟ್ಟುಕೊಂಡರು. ಒಂದು ಪೊಲೀಸರು ಹಿಡಿದದ್ದು, ಇನ್ನೊಂದು ನೀವೇ ಕೊಟ್ಟದ್ದು, ನಾನು ಈ ಎರಡನೆಯದನ್ನು ನೋಡಿ ಆದೇಶ ಬರೆಯುತ್ತೇನೆ ಎಂದರು. ಜೈಲಿಲ್ಲ. ಮುಚ್ಚಳಿಕೆ ಬರೆದುಕೊಟ್ಟು ಆಸ್ಪತ್ರೆಯಲ್ಲಿ ಚಿಕಿತ್ಸೆ ಪಡೆಯಬೇಕು. ಒಬ್ಬರೇ ಡಾಕ್ಟರು, ಒಂದೇ ಅಂಗಡಿ. ಎರಡು ವಾರಕ್ಕೊಮ್ಮೆ ಸೀಲು ಬಿದ್ದ ಚೀಟಿ ತಂದು ತೋರಿಸಬೇಕು. ನನ್ನ ಕಣ್ಣಲ್ಲಿ ನೀರು ಬಂತು, ಅದನ್ನು ಬರೆಯಲು ನನಗೆ ನಾಚಿಕೆಯಿಲ್ಲ.

ಹಿಂದಿರುಗುವಾಗ ಚೆಂಗಲ್ಪಟ್ಟಿನ ಸರ್ಕಾರಿ ಆಸ್ಪತ್ರೆಯಲ್ಲಿ ಎರಡು ಗಂಟೆ ಕಾದೆವು. ಮಾತ್ರೆಯನ್ನು ಒಮ್ಮೆಲೇ ನಿಲ್ಲಿಸಬಾರದೆಂದು ಡಾಕ್ಟರು ಪ್ರಮಾಣ ಇಳಿಸಿ ಬರೆದುಕೊಟ್ಟರು. ಎದುರಿನ ಅಂಗಡಿಯವನು ಮಾತ್ರೆ ಎಣಿಸಿ ಕೊಟ್ಟು, ಚೀಟಿಯ ಹಿಂದೆ ನೇರಳೆ ಸೀಲು ಒತ್ತಿದ.

ತಾಂಬರಂ ಸ್ಟೇಷನ್ನಿನ ಮೆಟ್ಟಿಲ ಬುಡದಲ್ಲಿ ಜೆರಾಕ್ಸ್, ಲ್ಯಾಮಿನೇಷನ್ ಅಂಗಡಿಯಿದೆ. ಭಾವನ ಅಂಗಿಜೇಬಿನಲ್ಲಿ ನಾಲ್ಕು ಮಡಿಕೆಯ ಹೊಸ ಚೀಟಿ ಬೆವರಿಗೆ ಆಗಲೇ ಒದ್ದೆಯಾಗಿತ್ತು. ಹುಟ್ಟುಗುಣ ಸುಟ್ಟರೂ ಹೋಗದು. ನನ್ನ ಕೈ ಅದರತ್ತ ಚಾಚಿತು. ಭಾವ ನಕ್ಕರು. ಅವರು ನಕ್ಕಿದ್ದನ್ನು ನಾನು ನೋಡಿ ವರ್ಷಗಳೇ ಆಗಿದ್ದವು.

"ಬಿಡು ನಾಣಿ. ಇದು ಹರಿದೇ ಹೋಗ್ಲಿ."