ತಿಳಿಯದ್ದನ್ನು ಹೇಳದ ಕಾಕು

ಓಣಿಗೆಲ್ಲ ಚಿಕ್ಕಮ್ಮನಾದ ನಮ್ಮ ಕಾಕುವಿನ ಹೆಬ್ಬೆರಳ ಉಗುರು ತಂಬಾಕಿನಿಂದ ಹಳದಿಗಟ್ಟಿತ್ತು. ಆ ಉಗುರಿನಿಂದ ಬೀಡಿಯ ಬಾಯಿ ಮಡಚುತ್ತ ಕತೆ ಹೇಳುವಳು. ನಿಪ್ಪಾಣಿಯಲ್ಲಿ ನಾವು ಏಳೆಂಟು ಹೆಂಗಸರು ಅವಳ ಕಟ್ಟೆಯ ಮೇಲೆ ಕೂತು ಬೀಡಿ ಕಟ್ಟುತ್ತಿದ್ದೆವು. ಕತೆ ಬಿಗಿಯಾದರೆ ಅವಳ ಕೈ ನಿಂತೇಬಿಡುತ್ತಿತ್ತು. ಅದಕ್ಕೇ ಎಲ್ಲರೂ ಒಂದೊಂದು ಹಿಡಿ ಬೀಡಿ ಅವಳ ಮೊರಕ್ಕೆ ಹಾಕುತ್ತಿದ್ದೆವು. ಯಾರೂ ಹೇಳಿ ಮಾಡಿಸಿದ್ದಲ್ಲ.

ಅವಳ ಕತೆಯ ರಾಣಿ ಸುಮ್ಮನೆ ಅಳುತ್ತಿರಲಿಲ್ಲ. ಮೂಗು ಒರೆಸಲು ಸೆರಗು ಹಿಡಿದರೆ ಅದಕ್ಕೆ ಬೇಳೆ ಹತ್ತಿರುತ್ತಿತ್ತು.

"ರಾಣಿ ಸೀರಿಗೆ ಬ್ಯಾಳಿ ಹೆಂಗ ಹತ್ತತೈತ್ರಿ ಕಾಕು?" ಅಂದೆ ಒಮ್ಮೆ.

"ಯಾಕ, ರಾಣಿ ಉಣ್ಣಾಂಗಿಲ್ಲೇನ ಬೇ? ಸುಮ್ನ ಬೀಡಿ ಕಟ್ಟು."

ನಾನು ತವರಿಗೆ, ಬೇಡಕಿಹಾಳಕ್ಕೆ, ಹೋಗಿದ್ದಾಗ ಗಂಡ ಎದೆನೋವಿನಿಂದ ಸತ್ತ. ನಾನು ಬರುವಷ್ಟರಲ್ಲಿ ಹೆಣ ತೊಳೆದು ಕೂರಿಸಿದ್ದರು. ಎಲ್ಲರದೂ ಒಂದೇ ಮಾತು: "ತ್ರಾಸ ಆಗ್ಲಿಲ್ಲವ್ವಾ, ಆರಾಮ ಹೋದ." ಆರಾಮ ಹೋಗಲು ಅವನೇನು ಬಸ್ಸು ಹತ್ತಿದ್ದನೇ? ನನಗೆ ನಂಬಿಕೆ ಬರಲಿಲ್ಲ, ಅಳುವೂ ಬರಲಿಲ್ಲ. ಅವನು ಕುಸಿದದ್ದು ಕಾಕುವಿನ ಕಟ್ಟೆಯ ಮುಂದೆ. ಹತ್ತನೆಯ ದಿನ ಅವಳನ್ನೇ ಕೇಳಿದೆ.

ಕಾಕು ಮೊರ ಪಕ್ಕಕ್ಕಿಟ್ಟಳು.

"ಗಿರಣಿಯಿಂದ ಬಂದ. ಮೀಸಿಗೆ ಹಿಟ್ಟು ಹತ್ತಿತ್ತು. ಡಬ್ಬಿ ಇಳಿಸಿ ನೀರು ಕೇಳ್ದ. ಅರ್ಧ ಕುಡ್ದ, ಉಳದದ್ದು ತುಳಸಿಗೆ ಹಾಕ್ದ. ಅಂಗಿ ಗುಂಡಿ ಬಿಚ್ಚಾಕ ಹೋದ, ಬೆರಳು ಹಿಡೀಲಿಲ್ಲ. ನಾನ ಬಿಚ್ಚಿದೆ. ತ್ರಾಸ ಆತು. ಭಾಳ ಆತು. ಸುಳ್ಳು ಯಾಕ ಹೇಳ್ಲಿ?"

"ನನ್ನ ಹೆಸರು ತಗದ್ನೇನ್ರಿ?"

ಕತೆಯ ರಾಜನ ಕುದುರೆಯ ಬಾಲದ ಬಣ್ಣವನ್ನೂ ಬಲ್ಲವಳಿಗೆ ಒಂದು ಮಾತು ಕೂಡಿಸುವುದು ಕಷ್ಟವಿರಲಿಲ್ಲ. ಕೂಡಿಸಲಿಲ್ಲ.

"ಏನೋ ಅಂದ. ನನಗ ತಿಳೀಲಿಲ್ಲ. ತಿಳೀಲಾರದ್ದನ್ನ ನಾ ಹೇಳಂಗಿಲ್ಲ."

ಆಗ ಅತ್ತುಬಿಟ್ಟೆ. ಮೀಸೆಗೆ ಹತ್ತಿದ ಹಿಟ್ಟಿಗೆ ಅತ್ತೆ. ಅವನು ಸತ್ತದ್ದು ನನಗೆ ಅಂದೇ ನಿಜವಾಯಿತು. ಓದಿದವರನ್ನು ಬಹಳ ಕಂಡೆ, ಹೀಗೆ ಹೇಳಬಲ್ಲವರನ್ನು ಮತ್ತೆ ಕಾಣಲಿಲ್ಲ.

ಹೋದ ವರ್ಷ ಕಾಕು ತೀರಿದಳು. ಅಥಣಿಯಿಂದ ಮಗಳು ಬಂದಾಗ ಸಂಜೆಯಾಗಿತ್ತು. ಓಣಿಯವರು "ಆರಾಮ..." ಅಂತ ಶುರುಮಾಡಿದರು. ಅವರ ಬಾಯಿ ಮುಚ್ಚಿಸಿ, ಮಗಳನ್ನು ನನ್ನ ಪಕ್ಕ ಕೂರಿಸಿಕೊಂಡೆ.

"ಮುಂಜಾನೆ ಚಾ ಕೊಟ್ಟೆ. ಬಿಸ್ಕೀಟು ಅದರಾಗ ಬಿತ್ತು, ಬೆರಳು ಹಾಕಿ ತಗದ್ಳು. 'ಸಕ್ರಿ ತುಟ್ಟಿ ಆಗೈತೇನ ಬೇ?' ಅಂತ ಬೈದ್ಳು. ಆಮ್ಯಾಲೆ ಮೂರು ಸಲ ಬಿಕ್ಕಿದ್ಳು, ಜೀವ ಹೋತು. ಕೈ ನಾ ಹಿಡಕೊಂಡಿದ್ದೆ."

"ನನ್ನ ಕೇಳಿದ್ಳೇನ್ರಿ ಮಾವಶಿ?"

"ಇಲ್ಲವ್ವಾ. ಕೇಳ್ಲಿಲ್ಲ."

ಅವಳು ನನ್ನ ಕೈ ಹಿಡಿದುಕೊಂಡಳು. ಆಮೇಲೆ ಕೇಳಿದಳು: "ಬಿಸ್ಕೀಟು ತಿಂದ್ಳೇನ್ರಿ?"

ತಿಂದಿದ್ದಳು. ಹೇಳಿದೆ.