ಅಂಚು ಕತ್ತರಿಸದ ಪುಸ್ತಕ

ಆರ್ಯಾ, ತನ್ವಿ, ನೀವು ಕನ್ನಡವನ್ನು ಅಕ್ಷರ ಕೂಡಿಸಿ ಓದುತ್ತೀರಿ. ಅದಕ್ಕೇ ದಪ್ಪ ಅಕ್ಷರದಲ್ಲಿ ಬರೆಯುತ್ತಿದ್ದೇನೆ. ನಿಮ್ಮ ಅಜ್ಜ ತೀರಿಕೊಂಡ ಮೇಲೆ ವಿಕ್ರೋಳಿಯ ಒಂದು ಬೈಂಡಿಂಗ್ ಅಂಗಡಿಯಲ್ಲಿ ಹನ್ನೊಂದು ವರ್ಷ ಪುಸ್ತಕ ಹೊಲಿದೆ. ಇದು ಕೆಲಸ ಬಿಡುವ ಹಿಂದಿನ ವರ್ಷದ್ದು.

ಸಾಂತಾಕ್ರೂಜ್‌ನಿಂದ ಪ್ರಶಾಂತ್ ಎಂಬವರು ಬೆನ್ನು ಹರಿದ ಇಂಗ್ಲಿಷ್ ಕಾದಂಬರಿ ತಂದರು. ಮಹಾಯುದ್ಧ ಮುಗಿದ ಮೇಲೆ ಅಮೆರಿಕದ ಗೆಳೆಯರು ಕಾರು, ಲಾರಿ, ಬಸ್ಸು ಸಿಕ್ಕಿದ್ದನ್ನು ಹತ್ತಿ ದೇಶವೆಲ್ಲ ಅಲೆದ ಕಥೆಯಂತೆ. ಬರೆದವನು ಹೆಸರು ಬದಲಿಸಿ ತನ್ನ ಬದುಕನ್ನೇ ಬರೆದಿದ್ದನಂತೆ. ಅದು ಪ್ರಶಾಂತರ ತೀರಿಹೋದ ತಂದೆಯ ಕಪಾಟಿನಲ್ಲಿ ಸಿಕ್ಕಿತ್ತು.

"ವರ್ಷಾಂತಿಕಕ್ಕೆ ಪಪ್ಪನ ಫೋಟೊ ಹತ್ರ ಇಡ್ಲಿಕ್ಕೆ. ಏಕ್‌ದಂ ಹೊಸತು ಕಾಣ್ಬೇಕು," ಎಂದು ಹೋದರು.

ಹೊಲಿಗೆ ಮುಗಿದ ಮೇಲೆ ಮೂರು ಬದಿಯನ್ನೂ ಮಷಿನ್ನಿನಲ್ಲಿ ಕತ್ತರಿಸಿ ಅಂಚು ಸಮ ಮಾಡುವುದಕ್ಕೆ ಟ್ರಿಮ್ಮಿಂಗ್ ಎನ್ನುತ್ತಾರೆ. ಹೊಲಿಯುವಾಗ ಹಾಳೆಗಳ ಅಂಚಿನಲ್ಲಿ ಪೆನ್ಸಿಲ್ಲಿನ ಕನ್ನಡ ಕಂಡಿತು. ನಡುವಿನ ಇಂಗ್ಲಿಷ್ ನನಗೆ ಬಾರದು, ಅಂಚನ್ನಷ್ಟೇ ಓದಿದೆ. 'ಇವರು ಲಾರಿ ಹತ್ತಿದರು. ನಾನೂ ಹತ್ತಿದೆ, ನಾಸಿಕದವರೆಗೆ.' 'ಡ್ರೈವರ್ ಅರ್ಧ ರೊಟ್ಟಿ ಕೊಟ್ಟ. ಹೆಸರು ಕೇಳಲಿಲ್ಲ.' 'ಮನಾಲಿ. ಮೊದಲ ಹಿಮ. ಯಾರಿಗೂ ಹೇಳಿಲ್ಲ.'

ಹೊಲಿದು ಕೊಟ್ಟ ಮೇಲೆ, ಹೇಳಲೋ ಬೇಡವೋ ಎಂದು ನಾನು ಯೋಚಿಸುವಷ್ಟರಲ್ಲಿ ಮಾಲೀಕರಾದ ಸದಾನಂದಣ್ಣ ಪುಸ್ತಕವನ್ನು ಬ್ಲೇಡಿನ ಕೆಳಗೆ ಇಟ್ಟಿದ್ದರು. ನಾನು ಅವರಿಗೆ ಎದುರು ಮಾತನಾಡಿದವಳೇ ಅಲ್ಲ. ಅವತ್ತು ಪುಸ್ತಕದ ಮೇಲೆ ಕೈಯಿಟ್ಟೆ.

"ಅಕ್ಕ, ಕೈ ತೆಗೀರಿ ಮಾರ್ರೆ! ಬೆರಳು ಹೋದ್ರೆ ಅದನ್ನು ಯಾರು ಹೊಲಿಯುದು?"

"ಕತ್ತರಸಬ್ಯಾಡ್ರಿ. ಅಂಚಿನ್ಯಾಗ ಬರದಾರ್ರಿ."

"ನಿಮಗೆ ಇಂಗ್ಲಿಷ್ ಯಾವಾಗ ಬಂತು?"

"ಇಂಗ್ಲಿಷ್ ಬರಂಗಿಲ್ರಿ. ಇದು ಕನ್ನಡ ಐತಿ. ಅವರನ್ನ ಒಮ್ಮೆ ಕರೀರಿ."

ಗೊಣಗುತ್ತಲೇ ಫೋನ್ ಮಾಡಿದರು. ಮರುದಿನ ಪ್ರಶಾಂತ್ ಬಂದು, "ನನ್ಗೆ ಕನ್ನಡ ಓದ್ಲಿಕ್ಕೆ ಬರಲ್ಲ ಆಂಟಿ, ನೀವೇ ಓದಿ," ಎಂದರು. ಪುಸ್ತಕ ತೆರೆದೆ. ಅಂಚಿನದನ್ನು ಒಂದೊಂದಾಗಿ ಓದಿದೆ.

"ಪಪ್ಪ? ಹೋಟೆಲಿನ ಗಲ್ಲಾ ಬಿಟ್ಟು ಇಲ್ಲೇ ಹತ್ರದ ಮಾತುಂಗಾಕ್ಕೂ ಹೋದವರಲ್ಲ ಅವರು!" ಎಂದು ನಕ್ಕರು. ಆಮೇಲೆ ಪುಸ್ತಕದ ಕಡೆ ಬಗ್ಗಿ, "ಮನಾಲಿದು ಫಿರ್ ಸೆ ಓದಿ," ಎಂದರು. ಮತ್ತೆ ಓದಿದೆ. ಅವರು ಸದಾನಂದಣ್ಣನ ಕಡೆ ತಿರುಗಿ, "ಕಾಟ್ನಾ ಮತ್. ಹೀಗೇ ಇರ್ಲಿ," ಎಂದರು.

ಬೆನ್ನಿಗೆ ಮಾತ್ರ ಹೊಸ ಬಟ್ಟೆ ಹಾಕಿದೆ. ಅಂಚು ಹರಕುಮುರುಕಾಗಿಯೇ ಉಳಿಯಿತು.

ಆ ಕಾದಂಬರಿಯ ಒಂದು ಸಾಲೂ ನನಗೆ ತಿಳಿಯದು. ಆದರೂ ಅದರ ಮೇಲೆ ನನಗೆ ದೊಡ್ಡ ಗೌರವ. ಗಲ್ಲಾದಲ್ಲಿ ಕೂತ ಮನುಷ್ಯನೊಬ್ಬ ತನ್ನ ಮಗನಿಗೂ ಹೇಳದ ಮಾತನ್ನು ಎಲ್ಲೋ ದೂರದ ಆ ಪುಸ್ತಕಕ್ಕೆ ಹೇಳಿದ್ದ. ಬ್ಲೇಡಿಗೆ ಕೊಡುವ ಮೊದಲು ಪ್ರತಿ ಹಾಳೆಯನ್ನೂ ತೆರೆದು ನೋಡಬೇಕೆಂದು ಕಲಿತೆ.

ಮಕ್ಕಳೇ, ಇಲ್ಲಿ ಅಂಚನ್ನು ಅಗಲವಾಗಿ ಬಿಟ್ಟಿದ್ದೇನೆ. ನಿಮಗೆ ಬೇಕಾದ್ದನ್ನು ಬೇಕಾದ ಭಾಷೆಯಲ್ಲಿ ಬರೆಯಿರಿ. ಬೈಂಡ್ ಮಾಡಿಸಿದರೆ ಕತ್ತರಿಸಬೇಡಿ ಎಂದು ಮೊದಲೇ ಹೇಳಿ. ಈ ಹಾಳೆಗಳನ್ನು ಜೋಪಾನವಾಗಿ ಇಟ್ಟುಕೊಳ್ಳಿ.