ಮಂಗಟ್ಟೆ ಬಾರದ ಬೆಳಗು

ಅರಣ್ಯ ಕಚೇರಿಯ ತಗಡಿನ ಮಾಡಿನ ಕೆಳಗೆ, ಬಣ್ಣ ಹೋದ ಬೆಂಚಿನ ಮೇಲೆ ಮೂವರು ಹಕ್ಕಿಪ್ರಿಯರು ಕಾಯುತ್ತ ಕುಳಿತಿದ್ದರು. ಹತ್ತಿರದಲ್ಲೇ ಮರಕುಟಿಗ ಕೂಗಿತು. ಮೂವರೂ ದುರ್ಬೀನು ಎತ್ತಿ ಎದುರಿನ ಮರವನ್ನೆಲ್ಲ ಜಾಲಾಡಿದರು. ಬಾಗಿಲ ಮರೆಯಿಂದ ಸಣಕಲು ಮನುಷ್ಯನೊಬ್ಬ ನಗುತ್ತ ಹೊರಬಂದ.

"ಮರದಲ್ಲಿ ಹುಡುಕ್ಬೇಡಿ, ಆ ಹಕ್ಕಿ ನಾನೇ."

ಸಿಳ್ಳೆಯಣ್ಣನ ಮೊದಲ ಪರಿಚಯವಾದದ್ದು ಹೀಗೆ.

ಇಪ್ಪತ್ತು ವರ್ಷ ಗಿಡಗಂಟಿ ಕಡಿದು ಕಾಡಿನ ದಾರಿ ಸವರಿದ ಕೈ ಅವನದು. ಅಂದು ಅವನಿಗೆ ಪರೀಕ್ಷೆ. ಬಂದವರಿಗೆ ಹಕ್ಕಿ ತೋರಿಸಿ ಮೆಚ್ಚಿಸಿದರೆ ಮಾರ್ಗದರ್ಶಿಗಳ ಪಟ್ಟಿಯಲ್ಲಿ ಹೆಸರು. ನೋಡಲು ಅಧಿಕಾರಿಯೇ ಜೊತೆಗೆ ಹೊರಟಿದ್ದರು. "ಬಾಯಿ ಸ್ವಲ್ಪ ಬಿಗಿ ಹಿಡೀರಿ. ಹಕ್ಕಿಗಿಂತ ನಿಮ್ಮ ಕೂಗೇ ಜಾಸ್ತಿ" ಎಂದು ಹೆಂಡತಿ ಹೇಳಿ ಕಳಿಸಿದ್ದಳು.

ಅವನು ತೋರಿಸಬೇಕಾದದ್ದು ದೊಡ್ಡ ಕೊಕ್ಕಿನ ಹಕ್ಕಿ ಮಂಗಟ್ಟೆಯ ಗೂಡು. ಹೆಣ್ಣು ಮರದ ಪೊಟರೆಯೊಳಗೆ ಸೇರಿ ಪೊಟರೆಯ ಬಾಯಿಯನ್ನು ಒಳಗಿನಿಂದ ಮೆತ್ತಿ ಮುಚ್ಚಿಕೊಂಡಿರುತ್ತದೆ. ಕೊಕ್ಕು ತೂರುವಷ್ಟೇ ಬಿರುಕು. ಗಂಡು ಹಣ್ಣು ತಂದು ಆ ಬಿರುಕಿನಲ್ಲಿ ಕೊಟ್ಟರೆ ಊಟ ಉಂಟು, ಇಲ್ಲದಿದ್ದರೆ ತಾಯಿಗೂ ಇಲ್ಲ, ಮರಿಗೂ ಇಲ್ಲ. ಮೂವತ್ತು ಹೆಜ್ಜೆ ದೂರದಲ್ಲಿ, ಅಡಗಿ ಕೂತು ನೋಡಲು, ಸಿಳ್ಳೆಯಣ್ಣ ಸೊಪ್ಪಿನ ಮರೆ ಕಟ್ಟಿದ್ದ. ಗೂಡಿನ ಮುಂದೆ ಬಳ್ಳಿಯೊಂದು ಪರದೆಯಂತೆ ಇಳಿಬಿದ್ದಿತ್ತು. ನೋಟಕ್ಕೆ ಅಡ್ಡವೆಂದು ಹಿಂದಿನ ದಿನ ಅದನ್ನು ಮಚ್ಚಿನಿಂದ ಬುಡಸಹಿತ ಕಡಿದಿದ್ದ.

ಆರೂವರೆಗೆ ಎಲ್ಲರೂ ಮರೆಯಲ್ಲಿ ಕುಳಿತರು. ಏಳಕ್ಕೆ ಬರಬೇಕಾದ ಗಂಡು ಬರಲಿಲ್ಲ. ಎಂಟಾಯಿತು. ಬಿರುಕಿನಿಂದ ಕೊಕ್ಕಿನ ತುದಿ ಹೊರಬಂದು, ಸುಮ್ಮನೆ ಗಾಳಿ ಕಚ್ಚಿ ಒಳಗೆ ಹೋಯಿತು. ಒಂಬತ್ತಾಯಿತು.

"ಏನಯ್ಯಾ, ನಿನ್ನ ಮಂಗಟ್ಟೆ ರಜೆ ಹಾಕಿದೆಯೇನು?" ಅಧಿಕಾರಿ ಪಿಸುಗುಟ್ಟಿದರು.

ಸಿಳ್ಳೆಯಣ್ಣನಿಗೆ ನಗು ಬರಲಿಲ್ಲ. ಪೊಟರೆಯಿಂದ ಮರಿಯ ಕೀರಲು ದನಿ ಕೇಳುತ್ತಿತ್ತು; ಅದೂ ಬರಬರುತ್ತ ಕ್ಷೀಣವಾಯಿತು.

ಆಗ ಆಕಾಶದಲ್ಲಿ ಕಮ್ಮಾರನ ತಿದಿ ಒತ್ತಿದಂತೆ ರೆಕ್ಕೆಯ ಸದ್ದು. ಗಂಡು ಬಂತು! ಕೊಕ್ಕಿನಲ್ಲಿ ಕೆಂಪು ಹಣ್ಣು. ಮರವನ್ನು ಎರಡು ಸುತ್ತು ಹಾಕಿತು, ಬಳ್ಳಿ ಇದ್ದ ಕೊಂಬೆಯವರೆಗೆ ಇಳಿಯಿತು, ಬೆಚ್ಚಿ ಹಿಂದಕ್ಕೆ ಹಾರಿ ದೂರದ ತುದಿಯಲ್ಲಿ ಕುಳಿತಿತು.

ಸಿಳ್ಳೆಯಣ್ಣನಿಗೆ ಆಗ ಹೊಳೆಯಿತು. ದಿನವೂ ಆ ಬಳ್ಳಿಯ ಮರೆಯಲ್ಲೇ ಕುಳಿತು, ಅತ್ತಿತ್ತ ನೋಡಿ, ಧೈರ್ಯ ಬಂದ ಮೇಲಲ್ಲವೇ ಅದು ಗೂಡಿಗೆ ಹೋಗುತ್ತಿದ್ದದ್ದು?

"ಏಳಿ, ಹೋಗೋಣ," ಎಂದ.

"ತಲೆ ಕೆಟ್ಟಿದೆಯಾ? ಹಕ್ಕಿ ಬಂದಿದೆ. ಒಂದು ಸಿಳ್ಳೆ ಹಾಕಿ ಕೆಳಗೆ ಕರಿ!" ಅಧಿಕಾರಿ ಸಿಡುಕಿದರು.

"ಕರೆದ್ರೆ ಇನ್ನೊಂದು ಗಂಡು ಬಂತು ಅಂತ ಜಗಳಕ್ಕೆ ಹೋಗುತ್ತೆ ಸಾರ್. ತಪ್ಪು ನನ್ನದು. ಬಳ್ಳಿ ಕಡಿದೋನು ನಾನೇ. ನಾವು ಇಲ್ಲಿರೋವರೆಗೂ ಅದು ಇಳಿಯಲ್ಲ."

"ಈಗ ಎದ್ದರೆ ಪಟ್ಟಿಯಲ್ಲಿ ನಿನ್ನ ಹೆಸರಿಲ್ಲ, ತಿಳ್ಕೋ."

"ಬೇಡ ಬಿಡಿ ಸಾರ್."

ಹಕ್ಕಿಪ್ರಿಯರಲ್ಲಿ ಹಿರಿಯರಾದ ವೈದ್ಯೆ ಮೊದಲು ಎದ್ದರು. "ನಡಿಯಪ್ಪಾ, ನಾವು ಬರ್ತೀವಿ."

ಬಗ್ಗಿಕೊಂಡೇ ಹಳ್ಳ ದಾಟಿ ಇನ್ನೂರು ಹೆಜ್ಜೆ ಆಚೆ ಕುಳಿತರು. ಅಲ್ಲಿಂದ ಗೂಡು ಕಾಣದು, ಕಿವಿಯೇ ಗತಿ. ಅರ್ಧ ಗಂಟೆ ಯಾರೂ ಕೆಮ್ಮಲೂ ಇಲ್ಲ. ಸಿಳ್ಳೆಯಣ್ಣ ಬಂಡೆಯನ್ನು ಹಿಡಿದುಕೊಂಡು ಕುಳಿತೇ ಇದ್ದ. ಕೊನೆಗೆ ತಿದಿಯ ಸದ್ದು, ಆಮೇಲೆ ಮೌನ. ಮತ್ತೆ ಒಮ್ಮೆಲೇ ಪೊಟರೆಯೊಳಗಿನಿಂದ ಮರಿಯ ಗಲಾಟೆ, ಜಗಳವಾಡಿ ಉಣ್ಣುವ ಮಗುವಿನಂತೆ. ಅವನು ಟವೆಲಿನಲ್ಲಿ ಮುಖ ಮುಚ್ಚಿಕೊಂಡ.

ಅಧಿಕಾರಿ ನುಡಿದಂತೆ ನಡೆದರು. ಅವನ ಹೆಸರು ಪಟ್ಟಿಗೆ ಸೇರಲಿಲ್ಲ. ಈಗಲೂ ಅವನದು ದಾರಿ ಸವರುವ ಕೆಲಸವೇ. ಆದರೆ ಆ ಬೆಳಗಿನ ಸುದ್ದಿ ತಿಳಿದ ಮೇಲೆ ಪಟ್ಟಿಯಲ್ಲಿರುವ ಮಾರ್ಗದರ್ಶಿಗಳು ಅವನನ್ನು ಕೇಳದೆ ಒಂದು ಕಡ್ಡಿಯನ್ನೂ ಮುರಿಯುವುದಿಲ್ಲ. ಈ ತಿಂಗಳು ಅವನು ಹಳ್ಳದ ಆಚೆ, ಹಕ್ಕಿ ಒಪ್ಪುವಷ್ಟು ದೂರದಲ್ಲಿ, ಹೊಸ ಮರೆ ಕಟ್ಟುತ್ತಿದ್ದಾನೆ.